ಬೂಟು ಹೊಲಿಯುವವರ ಮಗ ಲಿಯೋ ಬೇಕ್‌ಲ್ಯಾಂಡ್

ಈ ಸಂಚಿಕೆಗೆ ಪ್ರತಿಯೊಬ್ಬರೂ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆಯಬೇಕು ಎಂದು ಕನ್ನಡ ಮೇಡಂ ಹೇಳಿದಾಗ ನಮ್ಮ ತರಗತಿಯ ಹೆಚ್ಚಿನವರು ಸರ್ ಎಂ. ವಿಶ್ವೇಶ್ವರಯ್ಯ, ಸರ್ ಮಿರ್ಜಾ ಇಸ್ಮಾಯಿಲ್, ಡಾ. ಅಬ್ದುಲ್ ಕಲಾಂ ಅವರ ಹೆಸರು ಬರೆಸಿದರು. ನಾನು ಬರೆಸಿದ್ದು ಲಿಯೋ ಬೇಕ್‌ಲ್ಯಾಂಡ್ ಎಂಬ ಹೆಸರು. ಇವರು ಯಾರು, ಕಾಮರ್ಸ್ ಓದುವ ನಿನಗೆ ಇವರಿಂದ ಏನಾಗಬೇಕು ಎಂದು ಮೇಡಂ ಕೇಳಿದರು. ಅದಕ್ಕೆ ಉತ್ತರ ಕೊಡಲು ಈ ಲೇಖನ.

ನಮ್ಮ ಮನೆ ಇರುವುದು ಶೆಟ್ಟಿಹಳ್ಳಿಯಲ್ಲಿ. ಅಬ್ಬು ಪೀಣ್ಯ ಎರಡನೇ ಹಂತದ ಒಂದು ಸಣ್ಣ ಶೆಡ್ಡಿನಲ್ಲಿ ಬೇಕಲೈಟ್ ಪ್ರೆಸ್ ನಡೆಸುತ್ತಾರೆ. ಪ್ರೆಷರ್ ಕುಕ್ಕರಿನ ಕಪ್ಪು ಹಿಡಿ, ಬಾಣಲೆಯ ಹಿಡಿ, ಕರೆಂಟಿನ ಸಾಮಾನುಗಳ ಒಳಗಿನ ಸಣ್ಣ ಸಣ್ಣ ಭಾಗಗಳು ಅಲ್ಲಿ ತಯಾರಾಗುತ್ತವೆ. ವಾರಕ್ಕೆ ಎರಡು ಸಲ ಒಂದು ಮೂಟೆ ನಮ್ಮ ಮನೆಗೂ ಬರುತ್ತದೆ. ಅಚ್ಚಿನಿಂದ ಹೊರಬಂದ ಹಿಡಿಯ ಅಂಚಿನಲ್ಲಿ ತೆಳುವಾದ ಪದರ ಉಳಿದಿರುತ್ತದೆ. ಅದಕ್ಕೆ ಫ್ಲ್ಯಾಶ್ ಎನ್ನುತ್ತಾರೆ. ಅಮ್ಮಿ ಮತ್ತು ನಾನು ಚಾಪೆಯ ಮೇಲೆ ಕುಳಿತು ಅರದಿಂದ ಅದನ್ನು ಉಜ್ಜಿ ತೆಗೆಯುತ್ತೇವೆ. ಡಜನ್ ಲೆಕ್ಕದಲ್ಲಿ ಕೂಲಿ. ಚಿಕ್ಕಂದಿನಿಂದ ಬೇಕಲೈಟ್ ಎಂಬ ಪದ ಕೇಳುತ್ತಿದ್ದೆ. ಅದರಲ್ಲಿ ಒಬ್ಬ ಮನುಷ್ಯನ ಹೆಸರು ಅಡಗಿದೆ ಎಂದು ತಿಳಿದದ್ದು ಈ ವರ್ಷ.

ಮನೆಯಲ್ಲಿ ನಾವು ಉರ್ದುವಿನಲ್ಲಿ ಸಾಂಚಾ ಎನ್ನುತ್ತೇವೆ. ಶೆಡ್ಡಿನಲ್ಲಿ ಎಲ್ಲರೂ ಡೈ ಅಥವಾ ಮೋಲ್ಡ್ ಎನ್ನುತ್ತಾರೆ. ಕನ್ನಡದಲ್ಲಿ ಅಚ್ಚು. ಮೂರೂ ಒಂದೇ ವಸ್ತುವಿನ ಹೆಸರು. ಈ ಅಚ್ಚಿನ ಕತೆಯೂ ಬೇಕ್‌ಲ್ಯಾಂಡ್ ಅವರ ಕತೆಯೂ ಒಟ್ಟಿಗೆ ಸಾಗುವುದರಿಂದ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಬಾಲ್ಯ ಮತ್ತು ಓದು

ಲಿಯೋ ಬೇಕ್‌ಲ್ಯಾಂಡ್ ಹುಟ್ಟಿದ್ದು 1863ರ ನವೆಂಬರ್ 14ರಂದು, ಬೆಲ್ಜಿಯಂ ದೇಶದ ಘೆಂಟ್ ನಗರದಲ್ಲಿ. ತಂದೆ ಬೂಟು ಹೊಲಿಯುವ ಕೆಲಸ ಮಾಡುತ್ತಿದ್ದರು. ತಾಯಿ ಬೇರೆಯವರ ಮನೆಗಳಲ್ಲಿ ಕೆಲಸಕ್ಕಿದ್ದವರು. ಮಗ ಬೇಗನೆ ತನ್ನ ಕಸುಬು ಕಲಿತು ಜೊತೆಗೆ ಕೂರಲಿ ಎಂಬುದು ತಂದೆಯ ಇಚ್ಛೆ. ಓದಲಿ ಎಂಬುದು ತಾಯಿಯ ಹಟ. ಕೊನೆಗೆ ತಾಯಿಯ ಮಾತೇ ನಡೆಯಿತು.

ಹುಡುಗ ಹಗಲು ಶಾಲೆಗೆ ಹೋದ, ಸಂಜೆ ನಗರದ ತಾಂತ್ರಿಕ ಶಾಲೆಯಲ್ಲಿ ರಸಾಯನಶಾಸ್ತ್ರ ಮತ್ತು ಯಂತ್ರವಿದ್ಯೆ ಕಲಿತ. ಘೆಂಟ್ ನಗರಸಭೆ ಕೊಟ್ಟ ವಿದ್ಯಾರ್ಥಿವೇತನದಿಂದ ವಿಶ್ವವಿದ್ಯಾಲಯ ಸೇರಿದ. 1884ರಲ್ಲಿ, ಇನ್ನೂ 21 ವರ್ಷ ತುಂಬುವ ಹೊತ್ತಿಗೆ, ಅತ್ಯುನ್ನತ ಶ್ರೇಣಿಯಲ್ಲಿ ಡಾಕ್ಟರೇಟ್ ಪದವಿ ಪಡೆದ. ನಮ್ಮಲ್ಲಿ ಆ ವಯಸ್ಸಿಗೆ ಬಿ.ಕಾಂ. ಮುಗಿದಿರುತ್ತದೆ ಅಷ್ಟೆ.

ಬೇಕ್‌ಲ್ಯಾಂಡ್ ಅದೇ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಅವರ ಗುರು ಪ್ರೊಫೆಸರ್ ಸ್ವಾರ್ಟ್ಸ್. ಗುರುಗಳ ಮಗಳು ಸೆಲೀನ್ ಅವರನ್ನು 1889ರಲ್ಲಿ ಮದುವೆಯಾಗಿ, ಬಹುಮಾನವಾಗಿ ಬಂದಿದ್ದ ಪ್ರವಾಸದ ಹಣದಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಫೋಟೋ ಸಾಮಗ್ರಿ ಮಾರುವ ಒಂದು ಕಂಪನಿ ಕೆಲಸ ಕೊಟ್ಟಿತು. ಅವರು ಬೆಲ್ಜಿಯಂಗೆ ಹಿಂದಿರುಗಲಿಲ್ಲ.

ಸಾಲ, ಕಾಯಿಲೆ ಮತ್ತು ಮೊದಲ ಗೆಲುವು

ಎರಡು ವರ್ಷಗಳ ನಂತರ ಕೆಲಸ ಬಿಟ್ಟು ಸ್ವಂತವಾಗಿ ಸಲಹೆಗಾರರಾದರು. ಒಂದೇ ಸಲಕ್ಕೆ ಹತ್ತಾರು ಸಂಶೋಧನೆ ಕೈಗೆತ್ತಿಕೊಂಡರು. ಯಾವುದೂ ಮುಗಿಯಲಿಲ್ಲ. ಹಣ ಕರಗಿತು, ಸಾಲವಾಯಿತು, ಕಠಿಣವಾದ ಕಾಯಿಲೆಯೂ ಬಂತು. ಹಾಸಿಗೆಯಲ್ಲಿ ಮಲಗಿದ್ದಾಗಲೇ ಅವರು ಒಂದು ತೀರ್ಮಾನಕ್ಕೆ ಬಂದರು. ಇನ್ನು ಮುಂದೆ ಹತ್ತು ಕೆಲಸಗಳ ಹಿಂದೆ ಓಡುವುದಿಲ್ಲ, ಬೇಗ ಫಲ ಕೊಡಬಲ್ಲ ಒಂದನ್ನೇ ಹಿಡಿಯುತ್ತೇನೆ ಎಂಬುದು ಆ ತೀರ್ಮಾನ.

ಆ ಒಂದು ಕೆಲಸ ವೆಲಾಕ್ಸ್ ಎಂಬ ಫೋಟೋ ಕಾಗದ. ಅದುವರೆಗೆ ಫೋಟೋ ಪ್ರಿಂಟ್ ಹಾಕಲು ಬಿಸಿಲನ್ನೇ ನಂಬಬೇಕಾಗಿತ್ತು. ಮೋಡ ಕವಿದರೆ ಕೆಲಸ ನಿಲ್ಲುತ್ತಿತ್ತು. ವೆಲಾಕ್ಸ್ ಕಾಗದಕ್ಕೆ ದೀಪದ ಬೆಳಕೇ ಸಾಕು. 1893ರಲ್ಲಿ ಪಾಲುದಾರ ಲಿಯೊನಾರ್ಡ್ ಜೇಕೋಬಿ ಅವರ ಜೊತೆ ನೆಪೆರಾ ಕೆಮಿಕಲ್ ಕಂಪನಿ ಶುರುವಾಯಿತು. ಮೊದಮೊದಲು ವ್ಯಾಪಾರ ಕುಂಟಿತು. ಹಳೆಯ ಪದ್ಧತಿ ರೂಢಿಯಾಗಿದ್ದ ಫೋಟೋಗ್ರಾಫರುಗಳು ಹೊಸ ಕಾಗದವನ್ನು ನೆಚ್ಚಲಿಲ್ಲ. ಹವ್ಯಾಸಿಗಳು ಸೂಚನೆ ಓದಿ ಹಾಗೆಯೇ ಮಾಡಿದ್ದರಿಂದ ಅವರ ಕೈಯಲ್ಲಿ ಚಿತ್ರ ಚೆನ್ನಾಗಿ ಮೂಡಿತು. ನಿಧಾನವಾಗಿ ಬೇಡಿಕೆ ಹೆಚ್ಚಿತು.

1899ರಲ್ಲಿ ಕೊಡಾಕ್ ಕಂಪನಿಯ ಜಾರ್ಜ್ ಈಸ್ಟ್‌ಮನ್ ವೆಲಾಕ್ಸನ್ನು ಕೊಂಡುಕೊಂಡರು. ಬೆಲೆ ಸುಮಾರು 7,50,000 ಡಾಲರ್ ಎಂದು ಹೇಳುತ್ತಾರೆ. ಬೇಕ್‌ಲ್ಯಾಂಡ್ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಮೊತ್ತ ಅದಕ್ಕಿಂತ ಎಷ್ಟೋ ಕಡಿಮೆಯಾಗಿತ್ತಂತೆ. ತಾವು ಮೊದಲು ಬಾಯಿ ಬಿಡದೆ ಇದ್ದದ್ದೇ ಅವರಿಗೆ ಲಾಭವಾಯಿತು. ವ್ಯಾಪಾರ ಅಧ್ಯಯನದ ಪಾಠದಲ್ಲಿ ಇದನ್ನು ಸೇರಿಸಬಹುದು ಎಂದು ನನಗೆ ಅನ್ನಿಸಿತು.

ಆಗ ಅವರಿಗೆ 35 ವರ್ಷ. ಕೂತು ತಿನ್ನುವಷ್ಟು ಹಣವಿತ್ತು. ಆದರೆ ಅವರು ನ್ಯೂಯಾರ್ಕ್ ಹತ್ತಿರದ ಯಾಂಕರ್ಸ್‌ನಲ್ಲಿ ಮನೆ ಕೊಂಡು, ಅಲ್ಲಿಯೇ ಪ್ರಯೋಗಾಲಯ ಮಾಡಿಕೊಂಡರು. ತಮಗೆ ತಿಳಿಯದ ವಿಷಯ ಕಲಿಯಲು ಜರ್ಮನಿಗೆ ಹೋಗಿ ಮತ್ತೆ ವಿದ್ಯಾರ್ಥಿಯಂತೆ ಕುಳಿತರು.

ನಮ್ಮ ದೇಶದ ಅರಗು, ಅವರ ಪ್ರಶ್ನೆ

ಇಲ್ಲಿಂದ ಕತೆ ನಮ್ಮ ದೇಶದ ಕಡೆಗೆ ತಿರುಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಣ್ಣ ಹಚ್ಚುವ ಅರಗು ನಮಗೆಲ್ಲ ಗೊತ್ತು. ಮರದ ಕೊಂಬೆಗಳ ಮೇಲೆ ಕೂರುವ ಸಣ್ಣ ಹುಳಗಳು ಅದನ್ನು ಸ್ರವಿಸುತ್ತವೆ. ಇದನ್ನು ಶುದ್ಧ ಮಾಡಿದರೆ ಶೆಲ್ಲಾಕ್ ಸಿಗುತ್ತದೆ. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಶೆಲ್ಲಾಕ್ ಮಿಶ್ರಣವನ್ನು ಬಿಸಿ ಮಾಡಿ ಅಚ್ಚಿನಲ್ಲಿ ಒತ್ತಿಯೇ ತಯಾರಿಸುತ್ತಿದ್ದರು.

1900ರ ಸುಮಾರಿಗೆ ಊರೂರಿಗೆ ಕರೆಂಟು ಬರತೊಡಗಿತ್ತು. ತಂತಿ, ಸ್ವಿಚ್ಚು, ಮೋಟಾರು ಎಲ್ಲಕ್ಕೂ ವಿದ್ಯುತ್ ಹರಿಯದಂತೆ ತಡೆಯುವ ವಸ್ತು ಬೇಕಿತ್ತು. ಶೆಲ್ಲಾಕ್ ಅದಕ್ಕೆ ಸರಿಹೊಂದುತ್ತಿತ್ತು, ಆದರೆ ಹುಳಗಳು ಕೊಡುವಷ್ಟೇ ಸಿಗಬೇಕು. ಬೆಲೆ ಏರುತ್ತಾ ಹೋಯಿತು. ಹುಳದ ಬದಲು ಕಾರ್ಖಾನೆಯಲ್ಲೇ ಅಂಥ ವಸ್ತು ಮಾಡಲಾದೀತೇ ಎಂಬುದು ಬೇಕ್‌ಲ್ಯಾಂಡ್ ಅವರ ಪ್ರಶ್ನೆ.

ಅವರು ಆರಿಸಿಕೊಂಡದ್ದು ಎರಡು ರಾಸಾಯನಿಕಗಳನ್ನು. ಒಂದು ಫೀನಾಲ್. ಇನ್ನೊಂದು ಫಾರ್ಮಾಲ್ಡಿಹೈಡ್, ಅಂದರೆ ನಮ್ಮ ಜೀವಶಾಸ್ತ್ರ ಪ್ರಯೋಗಾಲಯದ ಗಾಜಿನ ಜಾಡಿಗಳಲ್ಲಿರುವ ಫಾರ್ಮಾಲಿನ್ ದ್ರಾವಣದಲ್ಲಿ ಇರುವುದು. ಇವೆರಡನ್ನು ಬೆರೆಸಿ ಕಾಯಿಸಿದರೆ ಒಂದು ಅಂಟು ವಸ್ತು ಹುಟ್ಟುತ್ತದೆ ಎಂದು 1872ರಲ್ಲೇ ಜರ್ಮನಿಯ ಅಡಾಲ್ಫ್ ವಾನ್ ಬೇಯರ್ ಕಂಡಿದ್ದರು. ಅದು ಪಾತ್ರೆಗೆ ಕಚ್ಚಿಕೊಳ್ಳುತ್ತಿತ್ತು, ಯಾವುದರಲ್ಲೂ ಕರಗುತ್ತಿರಲಿಲ್ಲ. ಬೇಯರ್ ಅವರಿಗೆ ಅದು ಬೇಡದ ಕಸ. ನಂತರ ಪ್ರಯತ್ನಿಸಿದವರಿಗೂ ಅದು ನೊರೆ ಬಂದು ತೂತು ತೂತಾದ ಗಡ್ಡೆಯಾಗಿಯೇ ಸಿಕ್ಕಿತು. ನೊರೆ ಬಾರದಿರಲೆಂದು ಹಲವರು ಬಿಸಿಯನ್ನು ಕಡಿಮೆ ಇಡಲು ನೋಡಿದರು.

ಬೇಕ್‌ಲ್ಯಾಂಡ್ ಇದಕ್ಕೆ ಉಲ್ಟಾ ಯೋಚಿಸಿದರು. ಬಿಸಿಯನ್ನು ಕಡಿಮೆ ಮಾಡಲಿಲ್ಲ, ಇನ್ನೂ ಹೆಚ್ಚಿಸಿದರು. ಆದರೆ ಅದರ ಜೊತೆಗೆ ಒತ್ತಡ ಹಾಕಿದರು. ಕುಕ್ಕರಿನಂತೆ ಬಿಗಿಯಾಗಿ ಮುಚ್ಚಿದ ಕಬ್ಬಿಣದ ಪಾತ್ರೆಯಲ್ಲಿ ಮಿಶ್ರಣವನ್ನು ಇಟ್ಟಾಗ ಗುಳ್ಳೆ ಏಳಲು ಜಾಗವೇ ಇರಲಿಲ್ಲ. 1907ರ ಜೂನ್ ತಿಂಗಳಲ್ಲಿ ಅವರಿಗೆ ಗಟ್ಟಿಯಾದ, ನೊರೆಯಿಲ್ಲದ, ಬೆಂಕಿಗೂ ಕರಗದ, ಕರೆಂಟು ಹರಿಯಲು ಬಿಡದ ವಸ್ತು ಸಿಕ್ಕಿತು. ಅದಕ್ಕೆ ತಮ್ಮ ಹೆಸರಿನಿಂದಲೇ ಬೇಕಲೈಟ್ ಎಂದು ಹೆಸರಿಟ್ಟರು. ಅವರು ಬಳಸಿದ ಪಾತ್ರೆಗೆ ಬೇಕಲೈಸರ್ ಎಂಬ ಹೆಸರು ಬಂತು. ಪೂರ್ತಿಯಾಗಿ ರಾಸಾಯನಿಕಗಳಿಂದಲೇ ತಯಾರಾದ ಮೊದಲ ಪ್ಲಾಸ್ಟಿಕ್ ಇದು. ಇದಕ್ಕೆ ಮುಂಚಿನ ಸೆಲ್ಯುಲಾಯ್ಡ್ ಗಿಡಗಳ ನಾರಿನಿಂದ ಬಂದದ್ದು.

ಅಚ್ಚಿನೊಳಗೆ ಏನಾಗುತ್ತದೆ

ಪ್ಲಾಸ್ಟಿಕ್ಕಿನಲ್ಲಿ ಎರಡು ಜಾತಿ. ಮೇಣದಬತ್ತಿಯನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಗಟ್ಟಿ ಮಾಡಬಹುದು. ಬಕೆಟ್, ಕುರ್ಚಿ, ಬಾಟಲಿಗಳ ಪ್ಲಾಸ್ಟಿಕ್ ಹೀಗೆ. ಇದಕ್ಕೆ ಥರ್ಮೋಪ್ಲಾಸ್ಟಿಕ್ ಎನ್ನುತ್ತಾರೆ. ಇಡ್ಲಿ ಹಾಗಲ್ಲ. ಒಮ್ಮೆ ಬೆಂದ ಇಡ್ಲಿಯನ್ನು ಮತ್ತೆ ಹಿಟ್ಟು ಮಾಡಲಾಗದು. ಬೇಕಲೈಟ್ ಈ ಎರಡನೇ ಜಾತಿ, ಥರ್ಮೋಸೆಟ್. ಒಲೆಯ ಮೇಲಿನ ಕುಕ್ಕರಿನ ಹಿಡಿ ಕರಗದಿರಲು ಇದೇ ಕಾರಣ.

ಬೇಕ್‌ಲ್ಯಾಂಡ್ ಈ ಬೇಯುವಿಕೆಯನ್ನು ಎ, ಬಿ, ಸಿ ಎಂದು ಮೂರು ಹಂತಗಳಾಗಿ ವಿಂಗಡಿಸಿದರು. ಮೊದಲನೆಯದು ದ್ರವದಂಥ ಹಂತ. ಎರಡನೆಯದು ಅರೆಬೆಂದ ಹಂತ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಮೂರನೆಯದು ಪೂರ್ತಿ ಬೆಂದ ಹಂತ, ಇನ್ನು ಬದಲಾಗುವುದಿಲ್ಲ. ಅರೆಬೆಂದ ಹಂತದಲ್ಲೇ ನಿಲ್ಲಿಸಿ, ಮರದ ಪುಡಿ ಬೆರೆಸಿ ಕೊಟ್ಟರೆ, ಕೊನೆಯ ಹಂತವನ್ನು ಯಾರು ಬೇಕಾದರೂ ತಮ್ಮ ಅಚ್ಚಿನಲ್ಲೇ ಮುಗಿಸಬಹುದು. ನನ್ನ ಪ್ರಕಾರ ಅವರ ದೊಡ್ಡ ಜಾಣತನ ಇದೇ. ಮರದ ಪುಡಿ ಸೇರಿದ್ದರಿಂದ ವಸ್ತು ಬೇಗ ಒಡೆಯದಂತೆಯೂ ಆಯಿತು.

ಅಬ್ಬು ನಡೆಸುವ ಪ್ರೆಸ್ಸಿನಲ್ಲಿ ಇರುವುದು ಕಂಪ್ರೆಷನ್ ಅಚ್ಚು. ಉಕ್ಕಿನ ಎರಡು ಭಾಗ. ಕೆಳಗಿನದರಲ್ಲಿ ಹಿಡಿಯ ಆಕಾರದ ಗುಳಿ, ಮೇಲಿನದು ಆ ಗುಳಿಯೊಳಗೆ ಇಳಿಯುತ್ತದೆ. ಎರಡನ್ನೂ ಹೀಟರ್ ಹಾಕಿ 150ರಿಂದ 180 ಡಿಗ್ರಿಯವರೆಗೆ ಕಾಯಿಸಿರುತ್ತಾರೆ. ಅಳತೆ ಮಾಡಿದ ಪುಡಿಯನ್ನು ಗುಳಿಗೆ ಸುರಿದು ಪ್ರೆಸ್ ಒತ್ತಿದರೆ ಪುಡಿ ಮೆತ್ತಗಾಗಿ ಎಲ್ಲ ಮೂಲೆಗೂ ಹರಿದು, ಅಲ್ಲೇ ಬೆಂದು ಗಟ್ಟಿಯಾಗುತ್ತದೆ. ಒಂದೆರಡು ನಿಮಿಷ ಬಿಟ್ಟು ತೆಗೆದರೆ ಹಿಡಿ ತಯಾರು.

ಗೌರಿ ಹಬ್ಬದಲ್ಲಿ ನಮ್ಮ ಪಕ್ಕದ ಮನೆಯ ಆಂಟಿ ಅಚ್ಚಿನಲ್ಲಿ ಕರಿಗಡುಬು ಮಾಡುವುದನ್ನು ನೋಡಿದ್ದೇನೆ. ಅಚ್ಚು ಮುಚ್ಚಿದಾಗ ಹೆಚ್ಚಾದ ಕಣಕ ಅಂಚಿನಿಂದ ಹೊರಗೆ ಬರುತ್ತದೆ, ಅದನ್ನು ಕಿತ್ತು ತೆಗೆಯುತ್ತಾರೆ. ಫ್ಲ್ಯಾಶ್ ಎಂದರೆ ಅದೇ. ಪುಡಿ ಕಡಿಮೆಯಾದರೆ ಹಿಡಿಯ ಮೂಲೆ ತುಂಬುವುದಿಲ್ಲ, ಅದಕ್ಕೇ ಸ್ವಲ್ಪ ಹೆಚ್ಚು ಹಾಕುತ್ತಾರೆ. ಆ ಸ್ವಲ್ಪ ಹೆಚ್ಚನ್ನು ಉಜ್ಜುವುದೇ ಅಮ್ಮಿಯ ಕೆಲಸ.

ಒಂದು ದಿನದ ಅಂತರ

ಬೇಕ್‌ಲ್ಯಾಂಡ್ 1907ರ ಜುಲೈ 13ರಂದು ಪೇಟೆಂಟಿಗೆ ಅರ್ಜಿ ಹಾಕಿದರು. ಇಂಗ್ಲೆಂಡಿನ ಜೇಮ್ಸ್ ಸ್ವಿನ್‌ಬರ್ನ್ ಕೂಡ ಅದೇ ವಸ್ತುವಿನ ಮೇಲೆ ಕೆಲಸ ಮಾಡುತ್ತಿದ್ದರು. ಪೇಟೆಂಟ್ ಕಚೇರಿಗೆ ಅವರು ಹೋಗುವಷ್ಟರಲ್ಲಿ ಒಂದು ದಿನ ತಡವಾಗಿತ್ತು ಎಂದು ಈ ಉದ್ಯಮದ ಚರಿತ್ರೆ ಬರೆದವರು ಹೇಳುತ್ತಾರೆ. ಅರ್ಜಿ ಹಾಕಲು ನಾಳೆ ಹೋದರಾಯಿತು ಎನ್ನುವ ನಮ್ಮಂಥವರು ಇದನ್ನು ನೆನಪಿಡಬೇಕು. ಇಬ್ಬರೂ ಶತ್ರುಗಳಾಗಲಿಲ್ಲ. ಮುಂದೆ ಇಂಗ್ಲೆಂಡಿನಲ್ಲಿ ಬೇಕಲೈಟ್ ಕಂಪನಿ ಆದಾಗ ಸ್ವಿನ್‌ಬರ್ನ್ ಅವರೇ ಅದರ ಅಧ್ಯಕ್ಷರಾದರು.

1909ರ ಫೆಬ್ರವರಿಯಲ್ಲಿ ಬೇಕ್‌ಲ್ಯಾಂಡ್ ತಮ್ಮ ವಸ್ತುವನ್ನು ನ್ಯೂಯಾರ್ಕಿನಲ್ಲಿ ರಸಾಯನಶಾಸ್ತ್ರಜ್ಞರ ಸಭೆಯ ಮುಂದಿಟ್ಟರು. ಅದೇ ವರ್ಷದ ಡಿಸೆಂಬರ್ 7ರಂದು ಪೇಟೆಂಟ್ ಸಿಕ್ಕಿತು. 1910ರಲ್ಲಿ ಜನರಲ್ ಬೇಕಲೈಟ್ ಕಂಪನಿ ಶುರುವಾಯಿತು. ಸ್ವಿಚ್ಚು, ಹಿಡಿ, ಟೆಲಿಫೋನುಗಳನ್ನು ತಾವೇ ಮಾಡಿ ಮಾರುವುದು ಅವರ ಮುಖ್ಯ ವ್ಯಾಪಾರವಾಗಿರಲಿಲ್ಲ. ಅವರು ಮಾರಿದ್ದು ಅಚ್ಚಿಗೆ ಹಾಕುವ ಸಾಮಗ್ರಿಯನ್ನು. ಅಚ್ಚು ಮಾಡುವ ಖರ್ಚು, ಒತ್ತುವ ಶ್ರಮ, ಸಾಮಾನು ಮಾರಾಟವಾಗದೆ ಉಳಿಯುವ ಭಯ ಬೇರೆಯವರ ಪಾಲಿಗೆ.

ಅವರ ಪೇಟೆಂಟನ್ನು ಮೀರಿ ಅಂಥದ್ದೇ ವಸ್ತು ಮಾಡುವವರು ಹುಟ್ಟಿಕೊಂಡರು. ಕೋರ್ಟಿನಲ್ಲಿ ಬೇಕ್‌ಲ್ಯಾಂಡ್ ಗೆದ್ದರು. ಗೆದ್ದ ಮೇಲೆ ಎದುರಾಳಿಗಳನ್ನು ಮುಳುಗಿಸದೆ, 1922ರಲ್ಲಿ ಕಾಂಡೆನ್ಸೈಟ್ ಮತ್ತು ರೆಡ್‌ಮನಾಲ್ ಎಂಬ ಎರಡು ಕಂಪನಿಗಳನ್ನು ತಮ್ಮ ಕಂಪನಿಯ ಜೊತೆ ಸೇರಿಸಿ ಬೇಕಲೈಟ್ ಕಾರ್ಪೊರೇಷನ್ ಮಾಡಿದರು. 1924ರಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಬೂಟು ಹೊಲಿಯುವವರ ಮಗನಿಗೆ ಆಗ 60 ವರ್ಷ. ರೇಡಿಯೋ ಪೆಟ್ಟಿಗೆ, ಟೆಲಿಫೋನ್, ಕಾರಿನ ಭಾಗಗಳು, ಬಳೆ, ಗುಂಡಿ ಎಲ್ಲವೂ ಬೇಕಲೈಟಿನಲ್ಲಿ ಬರುತ್ತಿದ್ದ ಕಾಲ ಅದು.

ಅಚ್ಚುಗಳ ಸಂಸಾರ

ಬೇಕ್‌ಲ್ಯಾಂಡ್ ತೆರೆದ ದಾರಿಯಲ್ಲಿ ಮುಂದೆ ನೂರಾರು ಪ್ಲಾಸ್ಟಿಕ್‌ಗಳು ಬಂದವು. ಒಂದೊಂದಕ್ಕೂ ಒಂದೊಂದು ಬಗೆಯ ಅಚ್ಚು. ಪೀಣ್ಯದಲ್ಲಿ ಒಂದು ಸುತ್ತು ಹೊಡೆದರೆ ಇವುಗಳಲ್ಲಿ ಹೆಚ್ಚಿನವು ನೋಡಲು ಸಿಗುತ್ತವೆ. ಶೆಡ್ಡಿಗೆ ಹೋಗದೆ ಮನೆಯ ಸಾಮಾನು ನೋಡಿಯೇ ಅಚ್ಚು ಯಾವುದೆಂದು ಹೇಳುವುದನ್ನು ಅಬ್ಬು ನನಗೆ ಕಲಿಸಿದರು.

ಮೊದಲನೆಯದು ಟ್ರಾನ್ಸ್‌ಫರ್ ಅಚ್ಚು. ಇದು ಕಂಪ್ರೆಷನ್ ಅಚ್ಚಿನ ತಮ್ಮ. ಇದರಲ್ಲಿ ಪುಡಿಯನ್ನು ನೇರವಾಗಿ ಗುಳಿಗೆ ಹಾಕುವುದಿಲ್ಲ. ಮೇಲೆ ಒಂದು ಸಣ್ಣ ಪಾತ್ರೆಯಲ್ಲಿ ಮೆತ್ತಗೆ ಮಾಡಿ, ಕಿರಿದಾದ ದಾರಿಯಿಂದ ಗುಳಿಗಳಿಗೆ ತಳ್ಳುತ್ತಾರೆ. ಒಳಗೆ ಹಿತ್ತಾಳೆಯ ಪಿನ್ನಿನಂಥ ಸೂಕ್ಷ್ಮ ಭಾಗ ಕೂರಿಸಬೇಕಾದಾಗ ಅದು ಬಾಗದಂತೆ ಇರಲು ಈ ಅಚ್ಚು ಬೇಕು.

ಎರಡನೆಯದು ಇಂಜೆಕ್ಷನ್ ಅಚ್ಚು. ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಇದೇ. ಇದರ ಮೂಲ ಬೇಕ್‌ಲ್ಯಾಂಡ್ ಅವರಿಗಿಂತ ಹಳೆಯದು. ಅಮೆರಿಕದ ಜಾನ್ ವೆಸ್ಲಿ ಹಯಾಟ್ ಮತ್ತು ಅವರ ಅಣ್ಣ 1872ರಲ್ಲಿ ಸೆಲ್ಯುಲಾಯ್ಡನ್ನು ಬಿಸಿ ಮಾಡಿ ಅಚ್ಚಿಗೆ ತಳ್ಳುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಈಗಿನ ಯಂತ್ರದಲ್ಲಿ ಪ್ಲಾಸ್ಟಿಕ್ ಕಾಳುಗಳು ಬಿಸಿ ಕೊಳವೆಯಲ್ಲಿ ಕರಗಿ, ಸಿರಿಂಜಿನಿಂದ ಮದ್ದು ಹೋದಂತೆ ಅಚ್ಚಿನೊಳಗೆ ಹೋಗುತ್ತವೆ. ಇಲ್ಲಿ ಅಚ್ಚು ತಣ್ಣಗಿರಬೇಕು, ಒಳಗೆ ನೀರು ಓಡುತ್ತಿರುತ್ತದೆ. ಬೇಕಲೈಟಿಗೆ ಬಿಸಿ ಅಚ್ಚು, ಬಕೆಟ್ಟಿಗೆ ತಣ್ಣನೆಯ ಅಚ್ಚು. ಒಂದು ಬೇಯಬೇಕು, ಇನ್ನೊಂದು ಆರಬೇಕು.

ಇಂಜೆಕ್ಷನ್ ಅಚ್ಚಿನಲ್ಲೇ ಹಲವು ಬಗೆ. ಎರಡು ಪ್ಲೇಟಿನ ಅಚ್ಚು ಸರಳವಾದದ್ದು. ತೆರೆದಾಗ ಸಾಮಾನು ಮತ್ತು ಪ್ಲಾಸ್ಟಿಕ್ ಹರಿದು ಬಂದ ರನ್ನರ್ ಕಡ್ಡಿ ಒಟ್ಟಿಗೆ ಬೀಳುತ್ತವೆ. ಮೂರು ಪ್ಲೇಟಿನ ಅಚ್ಚು ಕಡ್ಡಿಯನ್ನು ಬೇರೆ, ಸಾಮಾನನ್ನು ಬೇರೆ ಉದುರಿಸುತ್ತದೆ. ಹಾಟ್ ರನ್ನರ್ ಅಚ್ಚಿನಲ್ಲಿ ಆ ದಾರಿಯನ್ನೇ ಬಿಸಿಯಾಗಿ ಇಡುವುದರಿಂದ ಕಡ್ಡಿಯೇ ಹುಟ್ಟುವುದಿಲ್ಲ, ವೇಸ್ಟ್ ಉಳಿಯುತ್ತದೆ, ಆದರೆ ಅಚ್ಚಿನ ಬೆಲೆ ಹೆಚ್ಚು. ಒಂದೇ ಅಚ್ಚಿನಲ್ಲಿ ಒಂದೇ ಬಗೆಯ ಹಲವು ಗುಳಿಗಳಿದ್ದರೆ ಮಲ್ಟಿ ಕ್ಯಾವಿಟಿ. ಬಾಟಲಿ ಮುಚ್ಚಳಗಳು ಹೀಗೆ ಬರುತ್ತವೆ. ಡಬ್ಬ ಮತ್ತು ಅದರ ಮುಚ್ಚಳ ಎರಡೂ ಒಂದೇ ಅಚ್ಚಿನಲ್ಲಿ ಬಂದರೆ ಅದು ಫ್ಯಾಮಿಲಿ ಅಚ್ಚು. ನಿಮ್ಮ ಮನೆಯ ಬಕೆಟ್ ಬೋರಲು ಹಾಕಿ ನೋಡಿ. ತಳದ ನಡುವೆ ಒಂದು ಸಣ್ಣ ಚುಕ್ಕೆ ಇರುತ್ತದೆ. ಪ್ಲಾಸ್ಟಿಕ್ ಒಳಗೆ ಬಂದ ಬಾಗಿಲು ಅದು, ಗೇಟ್ ಎನ್ನುತ್ತಾರೆ.

ಮೂರನೆಯದು ಬ್ಲೋ ಅಚ್ಚು. ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯನ್ನು ಎರಡು ಭಾಗದ ಅಚ್ಚಿನ ನಡುವೆ ಹಿಡಿದು ಬಲೂನಿನಂತೆ ಗಾಳಿ ಊದುತ್ತಾರೆ. ಕ್ಯಾನು, ಶಾಂಪೂ ಬಾಟಲಿ ಹೀಗೆ ಆಗುತ್ತವೆ. ನಾಲ್ಕನೆಯದು ರೊಟೇಷನಲ್ ಅಚ್ಚು. ಟೊಳ್ಳು ಅಚ್ಚಿಗೆ ಪುಡಿ ಹಾಕಿ, ಕಾಯಿಸುತ್ತಾ ಎಲ್ಲ ಕಡೆಗೂ ತಿರುಗಿಸುತ್ತಾರೆ. ಪುಡಿ ಕರಗಿ ಗೋಡೆಗೆ ಹತ್ತಿಕೊಳ್ಳುತ್ತದೆ. ನಮ್ಮ ಮಹಡಿಗಳ ಮೇಲಿನ ಕಪ್ಪು ನೀರಿನ ಟ್ಯಾಂಕ್ ಇದರ ಮಗು. ಐದನೆಯದು ವ್ಯಾಕ್ಯೂಮ್ ಅಚ್ಚು. ಬಿಸಿ ಹಾಳೆಯನ್ನು ಅಚ್ಚಿನ ಮೇಲೆ ಹಾಸಿ ಕೆಳಗಿನಿಂದ ಗಾಳಿ ಎಳೆದರೆ ಮೊಟ್ಟೆಯ ಟ್ರೇ, ಸ್ವೀಟ್ ಬಾಕ್ಸಿನ ಒಳಗಿನ ತಟ್ಟೆ ತಯಾರು. ಇದಕ್ಕೆ ಅಚ್ಚಿನ ಒಂದೇ ಭಾಗ ಸಾಕು. ಚಕ್ಕುಲಿ ಒರಳಿನಂತೆ ಒತ್ತಿ ಪೈಪು ತೆಗೆಯುವ ಎಕ್ಸ್‌ಟ್ರೂಷನ್ ಡೈ ಕೂಡ ಇದೆ. ಅದರಲ್ಲಿ ಸಾಮಾನು ಒಂದೊಂದಾಗಿ ಬರದೆ ಉದ್ದಕ್ಕೆ ಬರುತ್ತಲೇ ಇರುತ್ತದೆ.

ಇಂಥ ಅಚ್ಚು ಮಾಡುವುದು ದೊಡ್ಡ ವಿದ್ಯೆ. ಬೆಂಗಳೂರಿನ ರಾಜಾಜಿನಗರದಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ 1972ರಲ್ಲಿ ಶುರುವಾದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ ಇದನ್ನು ಕಲಿಸುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಇದೆ.

ಡೈ ಯಾರದು?

ಈಗ ಕಾಮರ್ಸಿಗೆ ಬರುತ್ತೇನೆ. ಒಂದು ಅಚ್ಚಿನ ಬೆಲೆ 4,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ 10,000 ಹಿಡಿ ಮಾತ್ರ ತೆಗೆದರೆ ಒಂದೊಂದು ಹಿಡಿಯ ಮೇಲೂ ಅಚ್ಚಿನ ಖರ್ಚು 40 ರೂಪಾಯಿ. 4,00,000 ಹಿಡಿ ತೆಗೆದರೆ 1 ರೂಪಾಯಿ. ಸ್ಥಿರ ವೆಚ್ಚ ಎಂದು ಪುಸ್ತಕದಲ್ಲಿ ಓದಿದ್ದು ನನಗೆ ಅರ್ಥವಾದದ್ದು ಈ ಲೆಕ್ಕದಿಂದ.

ಆದರೆ ಅಬ್ಬು ಕೆಲಸ ಮಾಡುವಂಥ ಶೆಡ್ಡುಗಳಲ್ಲಿ ಪ್ರೆಸ್ ಮಾತ್ರ ಮಾಲೀಕರದು. ಡೈ ಪಾರ್ಟಿಯದು. ಪಾರ್ಟಿ ಎಂದರೆ ಆರ್ಡರ್ ಕೊಡುವ ಕಂಪನಿ. ಮೂರು ವರ್ಷದ ಹಿಂದೆ ಒಂದು ಪಾರ್ಟಿಯವರು ಬೇರೆ ಕಡೆ ಹತ್ತು ಪೈಸೆ ಕಡಿಮೆಗೆ ಆಗುತ್ತದೆಂದು ತಮ್ಮ ಡೈಗಳನ್ನೆಲ್ಲ ಟೆಂಪೋಗೆ ಹಾಕಿಕೊಂಡು ಹೋದರು. ಪ್ರೆಸ್ಸುಗಳು ಇದ್ದವು, ಕೆಲಸಗಾರರು ಇದ್ದರು, ಒತ್ತಲು ಏನೂ ಇರಲಿಲ್ಲ. ಎರಡು ತಿಂಗಳು ಅಬ್ಬುಗೆ ಅರ್ಧ ಸಂಬಳ. ಮನೆಗೆ ಮೂಟೆಯೂ ಬರಲಿಲ್ಲ. ಆ ಸಲ ನನ್ನ ಶಾಲೆಯ ಫೀಸನ್ನು ಮಾಮು ಕಟ್ಟಿದರು.

ಈಗ ಅಬ್ಬು ಮತ್ತು ಚಾಚಾ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಪ್ರೆಸ್ ಕೊಳ್ಳಬೇಕೆಂದಿದ್ದಾರೆ. ನನ್ನ ಡಿಗ್ರಿಗೆಂದು ಕೂಡಿಟ್ಟ ಹಣವೂ ಅದರಲ್ಲಿ ಸೇರುತ್ತದೆ. ಪಿಯುಸಿ ಮುಗಿದ ಮೇಲೆ ನಾನೂ ಅವರ ಜೊತೆ ನಿಲ್ಲಬೇಕೆಂಬುದು ಅಬ್ಬು ಆಸೆ. ಬಿ.ಕಾಂ. ಓದಲಿ ಎಂಬುದು ಅಮ್ಮಿ ಹಟ. ಬೇಕ್‌ಲ್ಯಾಂಡ್ ಅವರ ಬಾಲ್ಯದ ಬಗ್ಗೆ ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತದ್ದು ಇದಕ್ಕೇ.

ಕೊನೆಯ ದಿನಗಳು

ಬೇಕ್‌ಲ್ಯಾಂಡ್ ಅವರ ಬದುಕಿನಲ್ಲಿ ಗೆಲುವು ಮಾತ್ರ ಇರಲಿಲ್ಲ. ಅವರ ಮೊದಲ ಮಗಳು ಜೆನ್ನಿ ಐದು ವರ್ಷದವಳಾಗಿದ್ದಾಗಲೇ ತೀರಿಕೊಂಡಳು. ಮಗ ಜಾರ್ಜ್‌ಗೆ ಕಂಪನಿ ನಡೆಸುವ ಮನಸ್ಸಿರಲಿಲ್ಲ. 1927ರ ಹೊತ್ತಿಗೆ ಮುಖ್ಯ ಪೇಟೆಂಟುಗಳ ಅವಧಿ ಮುಗಿದು ಯಾರು ಬೇಕಾದರೂ ಬೇಕಲೈಟಿನಂಥ ವಸ್ತು ಮಾಡುವಂತಾಯಿತು. 1939ರಲ್ಲಿ ಅವರು ಕಂಪನಿಯನ್ನು ಯೂನಿಯನ್ ಕಾರ್ಬೈಡ್‌ಗೆ ಮಾರಿದರು.

ವಯಸ್ಸಾದ ಮೇಲೆ ಅವರ ರೀತಿ ವಿಚಿತ್ರವಾಯಿತು. ಅಷ್ಟು ಶ್ರೀಮಂತರಾಗಿದ್ದರೂ ಡಬ್ಬದಲ್ಲಿ ಬರುವ ಆಹಾರವನ್ನೇ ತಿನ್ನುತ್ತಿದ್ದರು. ಹೆಚ್ಚು ಕಾಲ ಒಂಟಿಯಾಗಿ ಇರುತ್ತಿದ್ದರು. 1944ರ ಫೆಬ್ರವರಿ 23ರಂದು ನ್ಯೂಯಾರ್ಕ್ ರಾಜ್ಯದ ಬೀಕನ್ ಎಂಬ ಊರಿನಲ್ಲಿ, ತಮ್ಮ 80ನೇ ವಯಸ್ಸಿನಲ್ಲಿ ನಿಧನರಾದರು.

ಅವರು ಮಾಡಿದ ವಸ್ತುವಿಗೂ ಒಂದು ದೋಷವಿದೆ. ಇಂಜೆಕ್ಷನ್ ಶೆಡ್ಡಿನಲ್ಲಿ ಉಳಿದ ರನ್ನರ್ ಕಡ್ಡಿಗಳನ್ನು ಗ್ರೈಂಡರಿನಲ್ಲಿ ಪುಡಿ ಮಾಡಿ ಮತ್ತೆ ಬಳಸುತ್ತಾರೆ. ಬೇಕಲೈಟನ್ನು ಮತ್ತೆ ಕರಗಿಸಲು ಆಗುವುದೇ ಇಲ್ಲ. ಅಮ್ಮಿ ಉಜ್ಜಿ ತೆಗೆದ ಫ್ಲ್ಯಾಶ್ ಪುಡಿ ಕಸಕ್ಕೇ ಹೋಗುತ್ತದೆ. ಯಾವ ಗುಣಕ್ಕಾಗಿ ಅದನ್ನು ಕೊಳ್ಳುತ್ತೇವೋ ಅದೇ ಗುಣ ಕಸದ ರಾಶಿಯಲ್ಲಿ ತೊಂದರೆಯಾಗುತ್ತದೆ.

ನಾನು ಕಲಿತದ್ದು

ಬೇಕ್‌ಲ್ಯಾಂಡ್ ತಂದೆಯನ್ನು ನಾನು ತಪ್ಪು ಎನ್ನಲಾರೆ. ಅವರಿಗೆ ಗೊತ್ತಿದ್ದ ಕಸುಬನ್ನೇ ಅವರು ಮಗನಿಗೆ ಕೊಡಲು ಬಯಸಿದರು. ನಮ್ಮ ಅಬ್ಬು ಕೂಡ ಹಾಗೆಯೇ. ಆದರೆ ಬೇಕ್‌ಲ್ಯಾಂಡ್ ಜೀವನದಿಂದ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಅವರು ಶ್ರೀಮಂತರಾದದ್ದು ಯಂತ್ರದಿಂದಲ್ಲ. ಎರಡು ಸಲವೂ ತಮ್ಮದೇ ಆದ, ಬೇರೆ ಯಾರೂ ಎತ್ತಿಕೊಂಡು ಹೋಗಲಾಗದ ಒಂದು ವಸ್ತು ಅವರ ಕೈಯಲ್ಲಿತ್ತು. ಪೀಣ್ಯದಲ್ಲಿ ಪ್ರೆಸ್ ಇರುವವರು ತುಂಬಾ ಜನ. ಸ್ವಂತ ಡೈ ಇರುವವರು ಕಡಿಮೆ.

ಆದ್ದರಿಂದ ನಾನು ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎರಡು ಲೆಕ್ಕ ಬರೆದೆ. ಒಂದು, ಈಗಲೇ ಎಲ್ಲ ಹಣ ಹಾಕಿ ಪ್ರೆಸ್ ಕೊಂಡು ಪಾರ್ಟಿಗಳ ಡೈಗಾಗಿ ಕಾಯುವುದು. ಇನ್ನೊಂದು, ಮೊದಲು ಒಂದೇ ಒಂದು ಸಣ್ಣ ಕಂಪ್ರೆಷನ್ ಡೈಯನ್ನು ಸ್ವಂತಕ್ಕೆ ಮಾಡಿಸಿ, ಬೇರೆಯವರ ಪ್ರೆಸ್ಸಿನಲ್ಲಿ ಒತ್ತಿಸಿ, ನಾವೇ ಅಂಗಡಿಗಳಿಗೆ ಹಿಡಿ ಮಾರುವುದು. ಎರಡನೆಯದಕ್ಕೆ ಹಣ ಕಡಿಮೆ ಬೇಕು, ನನ್ನ ಫೀಸೂ ಉಳಿಯುತ್ತದೆ. ಕರೆಂಟು, ಪುಡಿ, ಒತ್ತುವ ಕೂಲಿ, ಅಮ್ಮಿಯ ಕೂಲಿ ಎಲ್ಲವನ್ನೂ ಸೇರಿಸಿ ಬರೆದೆ. ಅಮ್ಮಿಯ ಕೂಲಿಯನ್ನು ಲೆಕ್ಕದಲ್ಲಿ ಬರೆದದ್ದು ನೋಡಿ ಅಮ್ಮಿ ನಕ್ಕರು.

ಈ ಲೇಖನವನ್ನು ಅಬ್ಬುಗೆ ಉರ್ದುವಿನಲ್ಲಿ ಹೇಳುತ್ತಾ ಓದಿದೆ. ಪೂರ್ತಿ ಕೇಳಿದರು. ಬೇಕ್‌ಲ್ಯಾಂಡ್ ಬಗ್ಗೆ ಏನೂ ಹೇಳಲಿಲ್ಲ. ನೋಟ್‌ಬುಕ್ಕಿನ ಆ ಪುಟವನ್ನು ಮಾತ್ರ ಹರಿದು ಜೇಬಿನಲ್ಲಿ ಇಟ್ಟುಕೊಂಡು ಶೆಡ್ಡಿಗೆ ಹೋದರು. ಮರುದಿನ ಸಂಜೆ ಬಂದವರು, ಪುಡಿಯ ರೇಟು ನಾನು ಕಡಿಮೆ ಹಿಡಿದಿದ್ದೇನೆ ಎಂದು ತಿದ್ದಿಸಿ, ಮತ್ತೆ ಲೆಕ್ಕ ಹಾಕಲು ಹೇಳಿದರು. ಡಿಗ್ರಿ ಕಾಲೇಜಿನ ಅರ್ಜಿಗೆ ಇನ್ನೂ ಸಮಯವಿದೆ. ನಾನು ಹೊಸ ರೇಟು ಹಾಕಿ ಲೆಕ್ಕ ಮಾಡುತ್ತಿದ್ದೇನೆ. ಮೂಟೆಯಲ್ಲಿ ಇನ್ನೂ ಎಂಟು ಡಜನ್ ಹಿಡಿ ಬಾಕಿ ಇವೆ.